ಚಪ್ಪಲಿಯೊಳಗೊಂದು ಅಂಗಿಯ ಗುಂಡಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಎದೆರೋಗದ ಆಸ್ಪತ್ರೆಯ ಹಿಂದಿನ ಗೇಟು ಅರ್ಧ ತೆರೆದಿದೆ. ಗೇಟಿನ ಪಕ್ಕದ ಗೋಡೆಗೆ ಒರಗಿಸಿದ ತಗಡಿನ ಶೀಟು, ಅದರ ಕೆಳಗೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಗೋಣಿಚೀಲ ಮಡಚಿ ಹಾಕಿಕೊಂಡು ಗುಂಡಿ ಮಾವ ಕೂತಿದ್ದಾರೆ. ತೊಡೆಯ ಮೇಲೆ ಬಲಗಾಲಿನ ಒಂದು ಚಪ್ಪಲಿ. ದಪ್ಪ ರಬ್ಬರಿನ ಅಟ್ಟೆ, ಕಂದು ಬಣ್ಣದ ಪಟ್ಟಿ. ಅದನ್ನು ತಿರುಗಿಸಿ ನೋಡುತ್ತಾರೆ, ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತುತ್ತಾರೆ, ಕೆಳಗಿಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಬಲಗೈಯಲ್ಲಿ ಚರ್ಮ ಕೊಯ್ಯುವ ರಂಪಿಗೆ ಹಿಡಿದಿದ್ದಾರೆ, ಆದರೆ ಅದನ್ನು ಆ ಚಪ್ಪಲಿಗೆ ತಾಗಿಸುತ್ತಿಲ್ಲ.

ಚಪ್ಪಲಿ ಒಬ್ಬ ಶಾಲಾ ವ್ಯಾನಿನ ಡ್ರೈವರನದು. ನಿನ್ನೆ ಸಂಜೆ ಜೋಡಿಯನ್ನು ಇಲ್ಲಿ ಬಿಟ್ಟು, ವ್ಯಾನಿನಲ್ಲಿದ್ದ ಹಳೆಯ ಹವಾಯಿ ಮೆಟ್ಟಿಕೊಂಡು ಹೋಗಿದ್ದಾನೆ. ಬಲಗಾಲಿನದರ ಅಟ್ಟೆ ಮಾತ್ರ ಕೆತ್ತಿ ತೆಳ್ಳಗೆ ಮಾಡಿಕೊಡಬೇಕಂತೆ. ಬೆಳಿಗ್ಗೆ ಆರೂವರೆಗೆ ಬರುತ್ತಾನಂತೆ. ಏಳಕ್ಕೆ ಮೊದಲನೇ ಮಗು ವ್ಯಾನು ಹತ್ತುತ್ತದೆ, ಒಟ್ಟು ಹದಿನಾಲ್ಕು ಮಕ್ಕಳು.

"ಈ ಅಟ್ಟೆ ಹಾಕಿದ್ದು ನಾನೇ. ಎರಡು ವರ್ಷದಿಂದ ಇದನ್ನ ಹಾಕ್ಕೊಂಡೇ ಗಾಡಿ ಓಡಿಸ್ತಿದ್ದಾನೆ. ಅಟ್ಟೆ ಸವೆಯುತ್ತೆ ಮೇಡಂ, ದಪ್ಪ ಆಗಲ್ಲ. ಈಗ ಇದ್ದಕ್ಕಿದ್ದ ಹಾಗೆ ಇವನಿಗೆ ದಪ್ಪ ಹೇಗಾಯ್ತು?" ಎಂದು ಮಾವ ನನ್ನನ್ನು ಕೇಳುತ್ತಾರೆ.

ನನಗೆ ಅರ್ಥವಾಗುವುದಿಲ್ಲ. ನಾನು ಬಂದಿರುವುದು ಬೇರೆ ಕೆಲಸಕ್ಕೆ. ಆಸ್ಪತ್ರೆಯ ಗೇಟಿನಲ್ಲಿ ಹನ್ನೊಂದು ವರ್ಷದಿಂದ ಚಪ್ಪಲಿ ಹೊಲಿಯುವ ಹಿರಿಯರು, ಫೋಟೊ ಚೆನ್ನಾಗಿ ಬರುತ್ತದೆ, ಭಾನುವಾರಕ್ಕೆ ಒಂದು ಪುಟ ಕೊಡು ಎಂದು ಪುರವಣಿಯ ಸಂಪಾದಕರು ಹೇಳಿ ಕಳಿಸಿದ್ದಾರೆ. ಒಂದು ಗಂಟೆಯಲ್ಲಿ ಮುಗಿಸಿ ಮನೆಗೆ ಹೋಗಿ ಸ್ನಾನ ಮಾಡುವ ಲೆಕ್ಕಾಚಾರ ನನ್ನದು. ಈ ಮನುಷ್ಯ ನೋಡಿದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ, ಎರಡು ನಿಮಿಷಕ್ಕೊಮ್ಮೆ ರಸ್ತೆಯ ತಿರುವಿನ ಕಡೆ ಕತ್ತು ಚಾಚುತ್ತಿದ್ದಾರೆ.

ಅಷ್ಟರಲ್ಲಿ ದಿನದ ಮೊದಲ ಗಿರಾಕಿ ಬರುತ್ತಾರೆ. ಐವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಮಾತ್ರೆಯ ಚೀಲ, ಕೈಯಲ್ಲಿ ಉಂಗುಷ್ಟ ಕಿತ್ತುಹೋದ ಚಪ್ಪಲಿ. ಮಾವನ ಕೈ ಓಡುತ್ತದೆ. ದಬ್ಬಳದ ತೂತಿಗೆ ಮೇಣ ಹಚ್ಚಿದ ದಾರ, ನಾಲ್ಕು ಹೊಲಿಗೆ, ಒಂದು ಗಂಟು, ಕಬ್ಬಿಣದ ಪಾದದ ಮೇಲೆ ಇಟ್ಟು ಸುತ್ತಿಗೆಯಿಂದ ಎರಡು ಏಟು. ಕೊಡುವ ಮೊದಲು ಪೆಟ್ಟಿಗೆಯ ಮೂಲೆಯಲ್ಲಿರುವ ತಗಡಿನ ಡಬ್ಬಿಗೆ ಎರಡು ಬೆರಳು ಹೋಗಿ ಬರುತ್ತವೆ. ನಾನು ಪಕ್ಕದಲ್ಲೇ ಕೂತಿದ್ದೇನೆ, ಆದರೂ ಏನು ನಡೆಯಿತೆಂದು ನನಗೆ ಕಾಣುವುದಿಲ್ಲ. ಆ ದೀಪದ ಕಂಬದ ತನಕ ಹೋಗಿ ವಾಪಸ್ ಬಾ ತಾಯಿ, ಒಟ್ಟು ಹತ್ತು ಹೆಜ್ಜೆ, ಬಿಗಿಯಾಯ್ತೋ ಸಡಿಲವಾಯ್ತೋ ಹೇಳು ಎನ್ನುತ್ತಾರೆ.

ಮೂರನೇ ಹೆಜ್ಜೆಗೇ ಆಕೆ ನಿಲ್ಲುತ್ತಾರೆ. ಚಪ್ಪಲಿ ಬಿಚ್ಚಿ ಕೊಡವುತ್ತಾರೆ. ಒಂದು ಬಿಳಿ ಗುಂಡಿ, ಅಂಗಿಗೆ ಹಾಕುವ ಸಾಧಾರಣ ಗುಂಡಿ, ನೆಲಕ್ಕೆ ಬಿದ್ದು ಉರುಳುತ್ತದೆ.

"ಕಣ್ಣು ಕಾಣ್ಸಲ್ವೇನಯ್ಯಾ ನಿನಗೆ? ಹೊಲಿಯೋದು ಬಿಟ್ಟು ಚಪ್ಪಲಿ ಒಳಗೆ ಕಸ ತುಂಬಿಸಿ ಕೊಡ್ತೀಯಲ್ಲ."

ವಯಸ್ಸಾಯ್ತು, ತಪ್ಪಾಯ್ತು ಎಂದು ಮಾವ ಕೈಮುಗಿಯುತ್ತಾರೆ. ಆಕೆ ಸುಮ್ಮನಾಗುವುದಿಲ್ಲ. ಇಂಥವರನ್ನು ಇಲ್ಲಿ ಕೂರಲು ಬಿಟ್ಟವರಾರು ಎನ್ನುತ್ತಾ, ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾ ಗೇಟು ದಾಟುತ್ತಾರೆ. ಮಾವ ಎದ್ದು ಹೋಗಿ ಗುಂಡಿಯನ್ನು ಹುಡುಕಿ ತಂದು ಅಂಗಿಗೆ ಒರೆಸಿ ಡಬ್ಬಿಗೆ ಹಾಕುತ್ತಾರೆ. ಬೆಳಗಿನಿಂದ ಗಂಟು ಹಾಕಿಕೊಂಡಿದ್ದ ಮುಖ ಆಗ ಸ್ವಲ್ಪ ಸಡಿಲಾಗುತ್ತದೆ.

"ಬೋಣಿ ಚೆನ್ನಾಗಾಯ್ತು. ಬೈದ್ರಲ್ಲ, ಅಂದ್ರೆ ಆಯಮ್ಮನ ಕಾಲು ಚೆನ್ನಾಗಿದೆ."

ಇವರು ಮಾಡುವ ಕೆಲಸ ಇಷ್ಟೇ. ಆಸ್ಪತ್ರೆಗೆ ಬರುವವರ ಚಪ್ಪಲಿ ಹೊಲಿಯುತ್ತಾರೆ, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಜೋಡಿ. ಮಾತ್ರೆ ಚೀಲ ಹಿಡಿದು ಬಂದವರ ಚಪ್ಪಲಿಯಲ್ಲಿ ಒಂದು ಗುಂಡಿ ಇಟ್ಟು ನಡೆಸುತ್ತಾರೆ. ಬೈದರೆ ಖುಷಿ. ಹತ್ತು ಹೆಜ್ಜೆ ನಡೆದು ಬಂದು "ಈಗ ಹಾಯಾಗಿದೆ" ಅಂದರೆ ಮಾತ್ರ ಅವರಿಗೆ ಅನ್ನ ಸೇರುವುದಿಲ್ಲ. ಗುಂಡಿ ಮಾವ ಎಂಬ ಹೆಸರು ಒಳಗಿನ ನರ್ಸುಗಳು ಇಟ್ಟದ್ದು. ಎಲ್ಲರೂ ಮಾವ ಎನ್ನುವುದರಿಂದ, ಇವರಿಗೆ ಗಂಡಸರೆಲ್ಲ ಅಳಿಯಂದಿರು.

ಕಾಲಿಗೂ ಎದೆರೋಗಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು, ನನಗೂ ಅನಿಸಿತು. ಒಳಗಿನ ಡಾಕ್ಟರನ್ನು ನಾನು ಆಮೇಲೆ ಕಂಡು ಕೇಳಿದೆ. ಮಾಮೂಲಿ ಔಷಧಿಗೆ ಬಗ್ಗದ ಮೊಂಡು ಕ್ಷಯಕ್ಕೆ ತಿಂಗಳುಗಟ್ಟಲೆ ಗಟ್ಟಿ ಆಂಟಿಬಯಾಟಿಕ್ ಮಾತ್ರೆಗಳನ್ನು ಕೊಡಬೇಕಾಗುತ್ತದೆ. ಅವುಗಳಲ್ಲಿ ಒಂದೆರಡು ಕೆಲವರ ನರಕ್ಕೆ ಪೆಟ್ಟು ಕೊಡುತ್ತವೆ. ಹೆಚ್ಚಾಗಿ ಬೆರಳ ತುದಿಯಿಂದ ಶುರು, ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಕೆಲವರಿಗೆ ಕಣ್ಣಿನ ನರಕ್ಕೂ ಆಗುವುದುಂಟು. ಬೇಗ ತಿಳಿದರೆ ಮಾತ್ರೆಯ ಪ್ರಮಾಣ ಇಳಿಸಬಹುದು, ಬೇರೆ ಕೊಡಬಹುದು. ತಡವಾದರೆ ಸತ್ತ ನರ ತಿರುಗಿ ಬರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಹಾಗೆಂದು ರೋಗಿಯೇ ಹೆದರಿ ಮಾತ್ರೆ ಬಿಟ್ಟರೆ ಕ್ಷಯ ಇನ್ನಷ್ಟು ಮೊಂಡಾಗಿ ಮೇಲೆ ಬೀಳುತ್ತದೆ. ಮಾತ್ರೆಯ ಹೆಸರೇನು ಎಂದು ನಾನು ಪೆನ್ನು ತೆಗೆದೆ.

"ಹೆಸರು ಬರೀಬೇಡಿ," ಎಂದರು ಡಾಕ್ಟರು. "ಬರೆದರೆ ನಾಳೆಯಿಂದ ಜನ ಅದೊಂದನ್ನ ಆರಿಸಿ ಕಸದ ಬುಟ್ಟಿಗೆ ಹಾಕ್ತಾರೆ. ಹಾಗೆ ಮಾಡಿ ಹೋದವರನ್ನ ನಾನು ನೋಡಿದ್ದೀನಿ."

ಆದ್ದರಿಂದ ಇಲ್ಲಿ ಬರೆದಿಲ್ಲ.

ಪ್ರತಿ ತಿಂಗಳೂ ಡಾಕ್ಟರು ಕೇಳುತ್ತಾರೆ, ಕಾಲು ಜೋಮು ಹಿಡಿಯುತ್ತದೆಯೇ, ಉರಿಯುತ್ತದೆಯೇ ಎಂದು. ಇಲ್ಲ ಎನ್ನುತ್ತಾರೆ ಜನ. ಹೇಳಿದರೆ ಇನ್ನೂ ಆರು ತಿಂಗಳು ಮಾತ್ರೆ ಉದ್ದವಾದೀತು ಎಂಬ ಭಯ ಒಬ್ಬರಿಗೆ, ಕೆಲಸ ಹೋದೀತು ಎಂಬ ಭಯ ಇನ್ನೊಬ್ಬರಿಗೆ. ಇನ್ನು ಕೆಲವರಿಗೆ ನಿಜಕ್ಕೂ ಗೊತ್ತಾಗಿರುವುದಿಲ್ಲ. ಮೆಲ್ಲಗೆ ಹೋಗುವ ಸ್ಪರ್ಶ ಯಾವತ್ತು ಹೋಯಿತೆಂದು ಯಾರು ಬರೆದಿಟ್ಟುಕೊಳ್ಳುತ್ತಾರೆ. ಮಾವ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಡಾಕ್ಟ್ರಮ್ಮನ ಹತ್ರ ಕಾಲು ಚೆನ್ನಾಗಿದೆ ಅಂತಾರೆ. ನನ್ನ ಹತ್ರ ಬಂದು ಚಪ್ಪಲಿ ಚೆನ್ನಾಗಿಲ್ಲ ಅಂತಾರೆ."

ಸಡಿಲವಾಗಿದೆ, ನಿಲ್ಲುತ್ತಿಲ್ಲ, ನಡೆಯುವಾಗ ಎಲ್ಲೋ ಬಿದ್ದುಹೋಗುತ್ತದೆ. ಕಾಲಿಗೆ ಸ್ಪರ್ಶವಿಲ್ಲದಿದ್ದರೆ ಬೆರಳುಗಳು ಚಪ್ಪಲಿಯನ್ನು ಹಿಡಿದುಕೊಳ್ಳುವುದಿಲ್ಲ. ಕಳಚಿಬಿದ್ದರೂ ತಿಳಿಯದೆ ಬರಿಗಾಲಲ್ಲಿ ಮುಂದೆ ಹೋಗುವವರುಂಟು. ಬೈಗುಳವೆಲ್ಲ ಚಪ್ಪಲಿಗೆ.

ಇದೆಲ್ಲ ಮಾವನಿಗೆ ಮೊದಲಿನಿಂದ ತಿಳಿದದ್ದಲ್ಲ. ಇಲ್ಲಿ ಬಂದು ಕೂತ ಎರಡನೇ ವರ್ಷ ಇಸ್ತ್ರಿ ಅಂಗಡಿಯ ಒಬ್ಬ ಹೆಂಗಸು ಚಪ್ಪಲಿ ಸಡಿಲ ಎಂದು ತಂದರು. ಮಾವ ಪಟ್ಟಿ ಎಳೆದು ಬಿಗಿ ಮಾಡಿದರು. ವಾರಕ್ಕೆ ಮತ್ತೆ ಬಂದರು, ಇನ್ನೂ ಸಡಿಲ. ಮತ್ತೆ ಬಿಗಿ ಮಾಡಿದರು. ಮೂರನೇ ಸಲ ಬಂದಾಗ ಮಾವನಿಗೆ ಹಠ ಬಂತು, ನನ್ನ ಹೊಲಿಗೆಗೆ ಸಡಿಲ ಅನ್ನುವುದುಂಟೇ ಎಂದು. ಪಟ್ಟಿಯನ್ನು ನೆನೆಸಿ, ಜಗ್ಗಿ, ಬೆರಳು ತೂರದ ಹಾಗೆ ಹೊಲಿದುಕೊಟ್ಟರು. ಆಕೆ ಹಾಕಿಕೊಂಡು ನಡೆದು ನೋಡಿ, ಈಗ ಹಾಯಾಗಿದೆ ಮಾವ ಎಂದು ನಗುತ್ತಾ ಹೋದರು. ಐದು ದಿನ ಆ ಚಪ್ಪಲಿಯಲ್ಲೇ ಇಸ್ತ್ರಿ ಮೇಜಿನ ಮುಂದೆ ನಿಂತರು, ದಿನಕ್ಕೆ ಒಂಬತ್ತು ಗಂಟೆ. ಪಟ್ಟಿ ಕಿರುಬೆರಳ ಬುಡವನ್ನು ಕೊಯ್ಯುತ್ತಾ ಹೋದದ್ದು ಆಕೆಗೆ ತಿಳಿಯಲೇ ಇಲ್ಲ. ನೆಲದ ಮೇಲಿನ ಕಲೆಯನ್ನು ಮೊದಲು ಕಂಡವನು ಗಂಡ. ಎರಡು ಬೆರಳು ತೆಗೆಯಬೇಕಾಯಿತು.

"ಒಂದು ತಿಂಗಳಾದ್ಮೇಲೆ ಬ್ಯಾಂಡೇಜು ಕಟ್ಕೊಂಡು ಬಂದ್ಲು. ನನ್ನ ಜೀವ ಬಾಯಿಗೆ ಬಂದಿತ್ತು. ಎಷ್ಟು ಬೈತಾಳೋ ಬೈಲಿ ಅಂತ ತಲೆ ತಗ್ಗಿಸಿ ಕೂತೆ. ಇವಳು ಚಪ್ಪಲಿ ಮುಂದಿಟ್ಟು, ಮಾವ, ಈ ಕಾಲಿಗೆ ಈಗ ಇದು ಆಗ್ತಿಲ್ಲ, ಸ್ವಲ್ಪ ಬದಲಾಯಿಸಿ ಕೊಡಿ ಅಂದ್ಲು. ಅಷ್ಟೇ. ಒಂದು ಮಾತು ಬೈಲಿಲ್ಲ ಮೇಡಂ. ಬೈದಿದ್ರೆ ಆವತ್ತಿಗೆ ಮುಗಿದುಹೋಗ್ತಿತ್ತು."

ಆಕೆಯ ಚಪ್ಪಲಿಯನ್ನು ಇವತ್ತಿಗೂ ಮಾವನೇ ಹೊಲಿಯುತ್ತಾರೆ, ಹಿಂದೆ ಪಟ್ಟಿ, ಒಳಗೆ ಮೆತ್ತನೆಯ ಬಟ್ಟೆ. ಆಕೆ ಇನ್ನೂ ಬೈದಿಲ್ಲ.

ಗುಂಡಿಯ ಉಪಾಯ ಬಂದದ್ದು ಮಾವನ ಹೆಂಡತಿಯ ಬಾಯಿಯಿಂದ ಎನ್ನಬೇಕು. ಇಸ್ತ್ರಿಯಾಕೆಯ ಪ್ರಸಂಗವಾದ ಮೇಲೆ ಮಾವ ಎಲ್ಲರ ಕಾಲನ್ನೂ ದುರುಗುಟ್ಟಿ ನೋಡತೊಡಗಿದ್ದರು. ನೋಡಿದರೆ ಏನು ತಿಳಿದೀತು, ಸ್ಪರ್ಶ ಹೋದ ಕಾಲೂ ಕಾಲಿನ ಹಾಗೇ ಇರುತ್ತದೆ. ಒಂದು ಸಂಜೆ ಮನೆಗೆ ಹೋದಾಗ ಅಂಗಿಯ ಎರಡನೇ ಗುಂಡಿ ಇರಲಿಲ್ಲ. ಅತ್ತೆ, ಅಂದರೆ ಮಾವನ ಹೆಂಡತಿ, ಸುಮ್ಮನಿರುವವರಲ್ಲ. ಹೊಲಿಯುವುದು ಊರಿನವರ ಚಪ್ಪಲಿ, ಸ್ವಂತ ಅಂಗಿ ಮಾತ್ರ ಬಾಯಿಬಿಟ್ಟುಕೊಂಡು ಇರಬೇಕು, ಗುಂಡಿ ಎಲ್ಲಿ ಬಿತ್ತೋ ಅಲ್ಲೇ ಹೋಗಿ ಹುಡುಕಿಕೊಂಡು ಬನ್ನಿ ಎಂದು ರಾತ್ರಿ ಊಟದ ತನಕ ಬೆನ್ನು ಬಿಡಲಿಲ್ಲ. ಮರುದಿನ ಮಾವ ಪೆಟ್ಟಿಗೆಯೆಲ್ಲ ಕೊಡವಿದರು. ಸಿಗಲಿಲ್ಲ. ಹತ್ತು ಗಂಟೆಗೆ ಹಿಂದಿನ ದಿನದ ಗಿರಾಕಿಯೊಬ್ಬ, ಮಾತ್ರೆ ತಿನ್ನುತ್ತಿದ್ದ ಬಣ್ಣ ಬಳಿಯುವವನು, ಇನ್ನೊಂದು ಹೊಲಿಗೆಗೆಂದು ಅದೇ ಚಪ್ಪಲಿ ಬಿಚ್ಚಿಕೊಟ್ಟ. ಒಳಗೆ ಗುಂಡಿ ಇತ್ತು. ಅವನ ಅಂಗಾಲನ್ನು ಎತ್ತಿ ನೋಡಿದರು. ಗುಂಡಿಯ ಅಚ್ಚು ಒತ್ತಿಕೊಂಡಿತ್ತು, ನಾಲ್ಕು ತೂತಿನ ಸಮೇತ. ಅವನು ಒಂದು ಹಗಲು ಅದರ ಮೇಲೆ ನಡೆದಿದ್ದ, ಏಣಿ ಹತ್ತಿ ಇಳಿದಿದ್ದ.

ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದವರು ಮಾವ. ಅವನೇ ಮೊದಲನೆಯವನು. ಮಾವ ಲೆಕ್ಕ ಇಟ್ಟಿಲ್ಲ, ಡಾಕ್ಟರು ಹೇಳುವ ಪ್ರಕಾರ ಗೇಟಿನಿಂದ ಹೀಗೆ ಒಳಗೆ ಬಂದವರು ಮೂವತ್ತರ ಮೇಲೆ. ಇನ್ನೂ ಎಷ್ಟೋ ಜನ ಬರುವುದಿಲ್ಲ ಎಂದು ಹೋದದ್ದೂ ಇದೆ. ಮಾವನಿಗೊಂದು ನಿಯಮವಿದೆ. ತಾವಾಗಿ ಡಾಕ್ಟರಿಗೆ ಹೇಳುವುದಿಲ್ಲ. "ಚಾಡಿ ಹೇಳೋ ಕೆಲಸ ನಂದಲ್ಲ. ಅವರ ಕಾಲು, ಅವರೇ ಹೇಳ್ಕೋಬೇಕು. ನಾನು ಬೇಕಾದ್ರೆ ಜೊತೆಗೆ ಬರ್ತೀನಿ ಅಂತೀನಿ."

ಆ ನಿಯಮವೇ ಇವತ್ತು ಅವರ ಗಂಟಲಿಗೆ ಸಿಕ್ಕಿಕೊಂಡಿದೆ. ವ್ಯಾನಿನ ಡ್ರೈವರನಿಗೆ ಒಂಬತ್ತು ತಿಂಗಳ ಮಾತ್ರೆ ಮುಗಿದಿದೆ, ಇನ್ನೆರಡು ತಿಂಗಳು ಬಾಕಿ. ಕಫದಲ್ಲಿ ರೋಗಾಣು ಇಲ್ಲ, ಯಾರಿಗೂ ಹರಡುವುದಿಲ್ಲ ಎಂದು ಖಚಿತವಾದ ಮೇಲೆಯೇ ಅವನು ಮತ್ತೆ ಸ್ಟಿಯರಿಂಗ್ ಹಿಡಿದದ್ದು. ಆದರೆ ಬಲಗಾಲು ಬ್ರೇಕಿನ ಕಾಲು. ಪೆಡಲು ಕಾಲಿಗೆ ತಿಳಿಯುತ್ತಿಲ್ಲವೇನೋ, ಅವನು ಮಾತ್ರ ಕೇಳುತ್ತಿರುವುದು ಅಟ್ಟೆ ತೆಳ್ಳಗೆ ಮಾಡಿ ಎಂದು. ಇದು ಅವನೊಬ್ಬನ ಕಾಲಾಗಿದ್ದರೆ ಮಾವ ನಾಲ್ಕು ಮಾತು ಹೇಳಿ ಕಾಯುತ್ತಿದ್ದರು. ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡವನಿಗೆ ಎಷ್ಟು ಹೊತ್ತು ಕಾಯುವುದು? ಹೇಳಿದರೆ ಅವನ ಅನ್ನ ಹೋಗುತ್ತದೆ, ಹೇಳದಿದ್ದರೆ ಏನು ಹೋಗುತ್ತದೋ ಗೊತ್ತಿಲ್ಲ. ರಾತ್ರಿಯೆಲ್ಲ ಈ ಮನುಷ್ಯ ಹೊರಳಾಡಿ ನನಗೂ ನಿದ್ದೆ ಕೊಡಲಿಲ್ಲ ಎಂದು ಅತ್ತೆ ಆಮೇಲೆ ನನಗೆ ಹೇಳಿದರು.

ಕಾಯುವಾಗ ಮಾವ ನನ್ನ ಚಪ್ಪಲಿಯ ಹಿಮ್ಮಡಿ ಸವೆದಿದೆಯಲ್ಲ ಎಂದು ಕೇಳಿ ತೆಗೆದುಕೊಳ್ಳುತ್ತಾರೆ. ಎರಡು ಮೊಳೆ ಹೊಡೆದು ಕೊಡುತ್ತಾರೆ. ಹಾಕಿಕೊಂಡು ಒಂದು ಹೆಜ್ಜೆ ಇಟ್ಟವಳು ಅಯ್ಯೋ ಎಂದು ಕೂಗುತ್ತೇನೆ, ಒಳಗೆ ಗುಂಡಿ. ಮಾವ ಬೆಳಗಿನಿಂದ ಮೊದಲ ಸಲ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಹೋದ ವರ್ಷ ಹದಿನೈದು ದಿನ ನುಂಗಿದ ಯಾವುದೋ ಮಾತ್ರೆ ನೆನಪಾಗುತ್ತದೆ. ಆ ಬೆಳಗಿನ ನಂತರ ಎರಡು ದಿನ ನಾನು ಮನೆಯಲ್ಲಿ ಕೂತಲ್ಲಿ ನಿಂತಲ್ಲಿ ಕಾಲ್ಬೆರಳು ಚಿವುಟಿಕೊಳ್ಳುತ್ತಿದ್ದೆ.

ಆರು ಇಪ್ಪತ್ತೈದಕ್ಕೆ ಹಳದಿ ವ್ಯಾನು ತಿರುವಿನಲ್ಲಿ ಕಾಣಿಸುತ್ತದೆ. ನಿಲ್ಲುವಾಗ ಒಮ್ಮೆ ಮುಂದಕ್ಕೆ ಜಿಗಿದು ನಿಲ್ಲುತ್ತದೆ. ಮಾವ ನನ್ನ ಕಡೆ ನೋಡುತ್ತಾರೆ. ಇಳಿದವನಿಗೆ ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಕ್ಕಳ ಹೆಸರಿನ ಪಟ್ಟಿ. ನಡಿಗೆಯಲ್ಲಿ ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ, ನಿಧಾನವಾಗಿ ನೋಡಿದರೆ ಅವನು ನೆಲವನ್ನು ನೋಡಿಕೊಂಡೇ ನಡೆಯುತ್ತಾನೆ.

ಮಾವ ಅಟ್ಟೆಗೆ ರಂಪಿಗೆ ತಾಗಿಸಿಯೇ ಇಲ್ಲ. ಆದರೂ ಕೆತ್ತಿದ್ದೇನೆ, ಹಾಕಿಕೊಂಡು ಕಂಬದ ತನಕ ಹೋಗಿ ಬಾ ಅಳಿಯ ಎನ್ನುತ್ತಾರೆ. ಸುಳ್ಳು ಹೇಳುವಾಗ ಅವರ ಕೈ ಡಬ್ಬಿಯ ಮೇಲಿದೆ. ಅವನು ಹೋಗುತ್ತಾನೆ. ನಾನು ಹೆಜ್ಜೆ ಎಣಿಸುತ್ತೇನೆ. ಮೂರು, ನಾಲ್ಕು, ಐದು. ಬೈಯಪ್ಪಾ, ಒಂದು ಸಲ ಬೈದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತೇನೆ. ಕಂಬ ಮುಟ್ಟಿ ತಿರುಗುತ್ತಾನೆ. ಎಂಟು, ಒಂಬತ್ತು, ಹತ್ತು. ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಾನೆ. ಈಗ ಸರಿಯಾಯ್ತು ಮಾವ, ಎಷ್ಟೋ ಹಗುರಾಯ್ತು ಎನ್ನುತ್ತಾನೆ.

ಮಾವ ಕೈ ಚಾಚುತ್ತಾರೆ. ಚಪ್ಪಲಿ ಬಿಚ್ಚಿಸಿ, ತಲೆಕೆಳಗು ಮಾಡಿ, ಗುಂಡಿಯನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಅಟ್ಟೆ ಕೆತ್ತಿಲ್ಲ ಎಂದೂ ಹೇಳುತ್ತಾರೆ. ಅವನ ಮುಖ ಬಿಳಿಚಿಕೊಳ್ಳುತ್ತದೆ, ಆಮೇಲೆ ಕೆಂಪಗಾಗುತ್ತದೆ. ತಮಾಷೆ ಮಾಡುತ್ತೀಯಾ ಎನ್ನುತ್ತಾನೆ. ಎರಡು ತಿಂಗಳು ಮಾವ, ಎರಡೇ ತಿಂಗಳು, ಮಾತ್ರೆ ಮುಗಿದರೆ ಎಲ್ಲ ಸರಿಹೋಗುತ್ತದೆ, ಈಗ ಬಾಯಿಬಿಟ್ಟರೆ ಶಾಲೆಯವರು ಕೀ ಕಸಿದುಕೊಳ್ಳುತ್ತಾರೆ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಹನ್ನೆರಡು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಕಣ್ಣುಮುಚ್ಚಿಕೊಂಡು ಬ್ರೇಕು ಹಾಕುತ್ತೇನೆ ಎನ್ನುತ್ತಾನೆ. ಕೊನೆಗೆ ದನಿ ಇಳಿಸಿ ಹೇಳುತ್ತಾನೆ: "ನೀನು ಚಪ್ಪಲಿ ಹೊಲಿಯೋನು ಮಾವ. ಡಾಕ್ಟರಲ್ಲ."

ಹೌದು ಎನ್ನುತ್ತಾರೆ ಮಾವ. ಅವನು ಬಲಗಾಲಿನ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಒಂದು ಕಾಲಿಗೆ ಚಪ್ಪಲಿ ಇನ್ನೊಂದು ಬರಿಗಾಲಿನಲ್ಲಿ ವ್ಯಾನಿನ ಕಡೆ ಹೊರಡುತ್ತಾನೆ. ಗೇಟಿನ ಬಳಿ ಜಲ್ಲಿ ಬಿದ್ದಿದೆ, ಅದರ ಮೇಲೆ ಬರಿಗಾಲು ಇಟ್ಟುಕೊಂಡೇ ಹೋಗುತ್ತಾನೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಅರವತ್ತಾರರ ಮಾವ ಎದ್ದು ಓಡುತ್ತಾರೆ. ಅವನು ಸೀಟಿನಲ್ಲಿ ಕೂತು ಕೀ ತಿರುಗಿಸುವ ಮೊದಲು ಬಾಗಿಲು ಹಿಡಿದುಕೊಂಡು ನಿಲ್ಲುತ್ತಾರೆ. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹತ್ತುತ್ತೇನೆ, ಯಾಕೆಂದು ನನಗೂ ಗೊತ್ತಿಲ್ಲ. ಸೀಟಿನ ಮೇಲೆ ಯಾರೋ ಮರೆತ ನೀರಿನ ಬಾಟಲು, ಕಿಟಕಿಯ ಗಾಜಿನ ಮೇಲೆ ಸಣ್ಣ ಬೆರಳುಗಳ ಗುರುತು.

"ಕಣ್ಣುಮುಚ್ಚಿ ಬ್ರೇಕು ಹಾಕ್ತೀನಿ ಅಂದೆಯಲ್ಲ," ಎನ್ನುತ್ತಾರೆ ಮಾವ. "ಮುಚ್ಚು. ಗಾಡಿ ಆಫ್ ಇದೆ, ಯಾರಿಗೂ ಏನೂ ಆಗಲ್ಲ. ಗೆದ್ದರೆ ಇವತ್ತೇ ಅಟ್ಟೆ ಕೆತ್ತಿಕೊಡ್ತೀನಿ, ಮತ್ತೆ ಈ ಮಾತು ಎತ್ತಲ್ಲ."

ಅವನು ಕಣ್ಣುಮುಚ್ಚುತ್ತಾನೆ. ಮಾವ ಕುಕ್ಕರಗಾಲಲ್ಲಿ ಕೂತು ಅವನ ಕಣಕಾಲನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ, ಅತ್ತಿತ್ತ ಆಡಿಸಿ, ಒಂದು ಪೆಡಲಿನ ಮೇಲೆ ಇಡುತ್ತಾರೆ. ಇದು ಯಾವುದು ಎಂದು ಕೇಳುತ್ತಾರೆ. ಬ್ರೇಕು ಎನ್ನುತ್ತಾನೆ. ಅವನ ಪಾದ ಇರುವುದು ಎಕ್ಸಿಲೇಟರಿನ ಮೇಲೆ. ಮಾವ ಸರಿ ತಪ್ಪು ಹೇಳುವುದಿಲ್ಲ. ಮತ್ತೆ ಎತ್ತಿ, ಆಡಿಸಿ, ಇಡುತ್ತಾರೆ. ಇದು? ಅವನು ಈ ಸಲ ತಡೆದು, ಪಾದವನ್ನು ಸ್ವಲ್ಪ ಒತ್ತಿ ನೋಡಿ, ಇದೇ ಬ್ರೇಕು, ಮೊದಲನೆಯದು ಎಕ್ಸಿಲೇಟರು ಎನ್ನುತ್ತಾನೆ.

"ಕಣ್ಣು ಬಿಡು."

ಅವನ ಪಾದ ಇರುವುದು ಯಾವ ಪೆಡಲಿನ ಮೇಲೂ ಅಲ್ಲ, ಮಾವನ ಅಂಗೈ ಮೇಲೆ.

ಮಾವ ಕೈ ತೆಗೆಯುವುದಿಲ್ಲ. ಜಲ್ಲಿಯಿಂದ ಆದ ಸಣ್ಣ ಗಾಯದ ರಕ್ತ ಮಾವನ ಬೆರಳಿಗೆ ಅಂಟಿದೆ. ಅವನು ಕೀಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಫೋನು ತೆಗೆದು ಶಾಲೆಗೆ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಮಕ್ಕಳಿಗೆ ಬೇರೆ ವ್ಯವಸ್ಥೆ ಮಾಡಿ ಎನ್ನುತ್ತಾನೆ. ಮಾವ ಆ ಸುಳ್ಳನ್ನು ತಿದ್ದುವುದಿಲ್ಲ. ನಡಿ ಅಳಿಯ, ನಾನೂ ಬರುತ್ತೇನೆ ಎಂದು ಚಪ್ಪಲಿ ತೊಡಿಸಿ ತೋಳು ಹಿಡಿದುಕೊಳ್ಳುತ್ತಾರೆ. ಗೇಟಿನ ಹತ್ತಿರ ತಿರುಗಿ ನನ್ನನ್ನು ಪೆಟ್ಟಿಗೆಯ ಹತ್ತಿರ ಕೂರಲು ಹೇಳುತ್ತಾರೆ. ನಲವತ್ತು ನಿಮಿಷ ನಾನು ಗೋಣಿಚೀಲದ ಮೇಲೆ ಕೂತಿರುತ್ತೇನೆ. ಇಬ್ಬರು ಬಂದು ಚಪ್ಪಲಿ ಕೊಟ್ಟು, ಬೇಗ ಹೊಲಿಯಮ್ಮ ಎಂದು ಗದರಿಸಿ ಹೋಗುತ್ತಾರೆ.

ಡಾಕ್ಟರು ಅವನ ಎರಡೂ ಕಾಲು ಪರೀಕ್ಷಿಸಿದರು. ಬಲಪಾದದಲ್ಲಿ ಸ್ಪರ್ಶ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಎಡಗಾಲಿನಲ್ಲಿ ಬೆರಳುಗಳದ್ದು ಹೋಗಿ, ಜೋಮು ಮುಂಗಾಲಿನ ತನಕ ಬಂದಿತ್ತು. ಕಣ್ಣು ಸದ್ಯ ಚೆನ್ನಾಗಿತ್ತು. ಮಾತ್ರೆ ನಿಲ್ಲಿಸಲಿಲ್ಲ, ಒಂದರ ಪ್ರಮಾಣ ಇಳಿಸಿದರು, ವಾರಕ್ಕೊಮ್ಮೆ ಬರಬೇಕೆಂದರು. ಎಡಗಾಲು ಸ್ವಲ್ಪ ಮಟ್ಟಿಗೆ ಸುಧಾರಿಸಬಹುದು, ಬಲಗಾಲಿನ ಬಗ್ಗೆ ನಾನು ಏನೂ ಹೇಳಲಾರೆ ಎಂದು ಅವನಿಗೂ ಹೇಳಿದರು, ನನಗೂ ಹೇಳಿದರು.

ಶಾಲೆಯವರು ಕೀ ತೆಗೆದುಕೊಂಡರು. ಅವನ ಪುಣ್ಯಕ್ಕೆ ಕೆಲಸದಿಂದ ತೆಗೆಯಲಿಲ್ಲ, ಗೇಟು ಕಾಯಲು ಹಾಕಿದರು. ದಿನಾ ಸಂಜೆ ಅದೇ ಹದಿನಾಲ್ಕು ಮಕ್ಕಳನ್ನು ಎಣಿಸಿ ಅದೇ ವ್ಯಾನಿಗೆ ಹತ್ತಿಸುತ್ತಾನೆ, ಓಡಿಸುವವನು ಬೇರೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಬರುವಾಗ ಹಿಂದಿನ ಗೇಟು ಬಿಟ್ಟು ಮುಂದಿನ ಗೇಟಿನಿಂದ ಬರತೊಡಗಿದ. ಎದುರಾದರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಆ ಭಾನುವಾರ ನಾನು ಪುಟ ಕೊಡಲಿಲ್ಲ. ಮುಂದಿನ ಭಾನುವಾರವೂ ಕೊಡಲಿಲ್ಲ. ಸಂಪಾದಕರು ಚಪ್ಪಲಿ ಹೊಲಿಯುವವರ ಬಗ್ಗೆ ಬರೆಯುವುದಕ್ಕೆ ಎಷ್ಟು ದಿನ ಬೇಕಮ್ಮ ಎಂದು ಕೇಳಿದರು. ನಾನು ಆಗಾಗ ಹಿಂದಿನ ಗೇಟಿಗೆ ಹೋಗಿ ಕೂರುತ್ತಿದ್ದೆ. ಮಾವ ಗಿರಾಕಿಗಳಿಗೆ ಗುಂಡಿ ಇಡುವುದನ್ನು ಬಿಟ್ಟಿರಲಿಲ್ಲ, ಆದರೆ ಬೈಸಿಕೊಂಡರೂ ಮುಖ ಅರಳುತ್ತಿರಲಿಲ್ಲ.

"ನಾನು ಮಾಡಿದ್ದು ಸರಿಯಾ ಮೇಡಂ?" ಎಂದು ಒಂದು ದಿನ ಕೇಳಿದರು. ಸರಿ ಎಂದೆ. ನನ್ನ ದನಿ ನನಗೇ ಸಾಲದಾಯಿತು. "ನಂಗೂ ಸರಿ ಅಂತಾನೇ ಅನ್ಸುತ್ತೆ. ಆದ್ರೆ ಅವನು ಬಂದು ನನ್ನ ಹತ್ರ ಜಗಳ ಆಡ್ಬೇಕಿತ್ತು. ಇವನೂ ಇಸ್ತ್ರಿಯವಳ ಹಾಗೆ ಸುಮ್ನೆ ಆಗ್ಬಿಟ್ಟ."

ಬುತ್ತಿ ತಂದಿದ್ದ ಅತ್ತೆ ಅಲ್ಲೇ ಇದ್ದರು. ಊರಲ್ಲಿ ಎಲ್ಲ ಗಂಡಂದಿರಿಗೂ ಬೈಸಿಕೊಂಡರೆ ಬೇಜಾರು, ನನ್ನ ಗಂಡನಿಗೆ ಬೈಸಿಕೊಳ್ಳದಿದ್ದರೆ ಬೇಜಾರು, ನಾನು ಇಷ್ಟು ವರ್ಷ ಬೈದದ್ದು ಲೆಕ್ಕಕ್ಕೇ ಬರಲಿಲ್ಲವೇ ಎಂದು ನಕ್ಕರು. ನಗುತ್ತಲೇ ಮಾವನ ಬೆನ್ನು ಸವರಿದರು.

ನಾಲ್ಕು ತಿಂಗಳಾಯಿತು. ಮಾತ್ರೆ ಮುಗಿದು ಎರಡು ತಿಂಗಳಾದ ಮೇಲಿನ ತಪಾಸಣೆಗೆ ಅವನು ಬರುವ ದಿನ ಯಾವುದೆಂದು ಮಾವ ನರ್ಸುಗಳನ್ನು ಕೇಳಿ ತಿಳಿದುಕೊಂಡಿದ್ದಾರೆ. ನನಗೂ ಹೇಳಿ ಕಳಿಸಿದ್ದಾರೆ. ನಾನು ಆರಕ್ಕೇ ಹೋಗಿ ಕೂತಿದ್ದೇನೆ. ಏಳು ಕಳೆಯುತ್ತದೆ, ಏಳೂವರೆಯಾಗುತ್ತದೆ. ಮುಂದಿನ ಗೇಟಿನಿಂದಲೇ ಹೋಗಿರಬೇಕು ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವನು ತಿರುವಿನಿಂದ ನಡೆದು ಬರುತ್ತಾನೆ. ಎರಡೂ ಚಪ್ಪಲಿ ಬಿಚ್ಚಿ ಪೆಟ್ಟಿಗೆಯ ಮೇಲಿಡುತ್ತಾನೆ. ಎಡಗಾಲಿನ ಪಟ್ಟಿ ಕಿತ್ತುಬಂದಿದೆ.

ಮಾವ ಹೊಲಿಯುತ್ತಾರೆ. ನಾಲ್ಕು ಹೊಲಿಗೆಯ ಕೆಲಸಕ್ಕೆ ಎಂಟು ಹಾಕುತ್ತಾರೆ. ಡಬ್ಬಿಯ ಕಡೆ ಕೈ ಹೋಗಿ ನಿಲ್ಲುತ್ತದೆ, ಆಮೇಲೆ ಹೋಗುತ್ತದೆ. ಅವನಿಗೂ ಈಗ ಗುಟ್ಟು ಗೊತ್ತು. ಬೇಕೆಂದೇ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದಾನೆ. ಹತ್ತು ಹೆಜ್ಜೆ ನಡಿ ಅಳಿಯ ಎನ್ನುತ್ತಾರೆ ಮಾವ.

ಅವನು ನಡೆಯುತ್ತಾನೆ. ಈ ಸಲ ನೆಲ ನೋಡುತ್ತಿಲ್ಲ, ಎದುರಿಗಿನ ಕಂಬವನ್ನು ನೋಡುತ್ತಾ, ಒಂದೊಂದೇ ಹೆಜ್ಜೆ ಊರಿ ಕಾದು ನಡೆಯುತ್ತಾನೆ. ನಾಲ್ಕು, ಐದು. ಮಾವ ಎಣಿಸುತ್ತಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾರೆ. ಕಂಬ ಮುಟ್ಟಿ ತಿರುಗುತ್ತಾನೆ. ಏಳನೇ ಹೆಜ್ಜೆಗೆ ನಿಲ್ಲುತ್ತಾನೆ. ಎಡಗಾಲನ್ನು ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತುತ್ತಾನೆ.

"ನಿನ್ನ ಮನೆ ಹಾಳಾಗ ಮಾವ, ಎಡಗಡೆ ಇಟ್ಟಿದ್ದೀಯ."

ಮಾವ ಕಣ್ಣು ತೆರೆಯುತ್ತಾರೆ. ಬಲಗಡೆ ಎಂದು ಕೇಳುತ್ತಾರೆ. ಅವನು ಬಲಗಾಲನ್ನು ಒತ್ತಿ ನೋಡುತ್ತಾನೆ, ಹಿಮ್ಮಡಿ ಊರಿ, ಬೆರಳು ಊರಿ ನೋಡುತ್ತಾನೆ. ಇಲ್ಲ, ಬಲಗಡೆ ಏನೂ ಇಟ್ಟಿಲ್ಲವಲ್ಲ ಎನ್ನುತ್ತಾನೆ. ಮಾವ ಅವನ ಬಲಗಾಲನ್ನೇ ನೋಡುತ್ತಾರೆ. ಅವನಿಗೆ ತಾನಾಗಿ ಅರ್ಥವಾಗುತ್ತದೆ. ಬಗ್ಗಿ ಬಲಗಾಲಿನ ಚಪ್ಪಲಿ ಬಿಚ್ಚಿ, ಅದರೊಳಗಿನ ಗುಂಡಿಯನ್ನು ಎತ್ತಿಕೊಂಡು ನೋಡುತ್ತಾ ನಿಲ್ಲುತ್ತಾನೆ.

ಆಮೇಲೆ ಬೈಯಲು ಶುರುಮಾಡುತ್ತಾನೆ. ಕೀ ಹೋದದ್ದಕ್ಕೆ ಬೈಯುತ್ತಾನೆ, ಹೊಸ ಡ್ರೈವರನಿಗೆ ತಿರುವು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಬೈಯುತ್ತಾನೆ, ಬೆಳಿಗ್ಗೆ ಮಕ್ಕಳು ವ್ಯಾನಿನ ಕಿಟಕಿಯಿಂದ ಕೈಬೀಸಿದರೆ ಎದೆ ಹಿಂಡಿದಂತಾಗುತ್ತದೆ ಎಂದು ಬೈಯುತ್ತಾನೆ, ನಾಲ್ಕು ತಿಂಗಳಿಂದ ಈ ಗೇಟಿಗೆ ಬರಲಾಗದೆ ಅರ್ಧ ಮೈಲಿ ಸುತ್ತಿ ಬಂದದ್ದಕ್ಕೂ ಬೈಯುತ್ತಾನೆ. ದಾರಿಹೋಕರು ನಿಂತು ನೋಡುತ್ತಾರೆ. ಮಾವ ತಲೆ ತಗ್ಗಿಸಿ, ಒಂದೂ ಮಾತು ತಪ್ಪಿಹೋಗದಂತೆ ಕೇಳಿಸಿಕೊಳ್ಳುತ್ತಾರೆ. ಬೈದು ಸುಸ್ತಾದವನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂರುತ್ತಾನೆ. ಮಾವ ಅವನಿಗೆ ಚಹಾ ತರಿಸುತ್ತಾರೆ.

ಅವನು ಚಹಾ ಮುಗಿಸಿ, ಹಿಂದಿನ ಗೇಟಿನಿಂದಲೇ ಒಳಗೆ ಹೋಗುತ್ತಾನೆ. ನಾನು ಪುಸ್ತಕ ಮುಚ್ಚುವ ಮುನ್ನ, ಬರಹದ ಕೊನೆಗೆ ಹಾಕಲು ಏನಾದರೂ ಆಸೆಯಿದ್ದರೆ ಹೇಳಿ ಎಂದು ಮಾವನನ್ನು ಕೇಳುತ್ತೇನೆ. ಅವರು ಎರಡು ಗುಂಡಿಗಳನ್ನೂ ಅಂಗಿಗೆ ಒರೆಸಿ ಡಬ್ಬಿಗೆ ಹಾಕುತ್ತಾರೆ.

"ಒಂದು ಕಾಲು ಬೈತು ಮೇಡಂ. ಇನ್ನೊಂದು ಬೈಯೋವರೆಗೂ ಇಲ್ಲೇ ಕೂತಿರ್ತೀನಿ."